ನಂಜುಬಳ್ಳಿಯ ಹೊಗೆ

ಕೇನ್ ಬ್ರಾಂಚ್ ಕಣಿವೆಯಲ್ಲಿ ಯಾರು ಸತ್ತರೂ ಮೊದಲು ಪೆಟ್ಟಿಗೆ ಮಾಡುವವನಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಒರ್ಲೀನಾ ಗೇಹಾರ್ಟಳಿಗೆ. ಗುಡ್ಡದ ನೆತ್ತಿಯ ಸ್ಮಶಾನದಲ್ಲಿ ಮಣ್ಣು ಹಾಕುವ ಮುಂಚೆ ಹಾಡು ಎತ್ತುವವಳು ಅವಳು. ಅಲ್ಲಿಯ ಚರ್ಚಿನವರು ವಾದ್ಯ ಇಟ್ಟುಕೊಂಡವರಲ್ಲ. ಅವಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದರ ಬೆನ್ನು ಹಿಡಿದು ಹೋಗುತ್ತಿದ್ದರು. ಅವಳ ದನಿ ಇಂಪಾಗಿದೆ ಎಂದು ಯಾರೂ ಹೇಳಿದ್ದಿಲ್ಲ. ಗಟ್ಟಿಯಾಗಿತ್ತು, ನೇರವಾಗಿತ್ತು, ಹಳ್ಳದಾಚೆ ಹಾಸಿಗೆ ಹಿಡಿದು ಮಲಗಿದವರಿಗೂ ಕೇಳುತ್ತಿತ್ತು. ಅವಳ ಗಂಡ ಡೆನ್ಜಿಲ್ ಕಲ್ಲಿದ್ದಲ ಗಣಿಯ ಮಾಡು ಕುಸಿದು ಸತ್ತಾಗ, ಇವತ್ತೊಂದು ದಿನ ಬೇರೆ ಯಾರಾದರೂ ಹಾಡಲಿ ಎಂದು ಪಾದ್ರಿ ಎಸ್ಟಿಲ್ ನೋಬಲ್ ಹೇಳಿದ್ದ. "ನನ್ ಗಂಡನ್ನ ನಾನೇ ಕಳಿಸ್ಕೊಡ್ತೀನಿ" ಎಂದು ಅವಳೇ ನಿಂತು ಹಾಡಿದ್ದಳು.

ಹೂವಿನ ಭಾನುವಾರಕ್ಕೆ ಸ್ಮಶಾನವನ್ನು ಚೊಕ್ಕ ಮಾಡುವ ಕೆಲಸವೂ ಅವಳದೇ. ಮೇ ತಿಂಗಳ ಕೊನೆಗೆ ಬರುವ ಆ ದಿನ, ಒಹಾಯೊ ಕಡೆಯ ಕಾರ್ಖಾನೆಗಳಿಗೆ ಹೋಗಿ ಸೇರಿಕೊಂಡವರು ಕೂಡ ಕಾರಿನ ತುಂಬ ಮಕ್ಕಳನ್ನು ಹೇರಿಕೊಂಡು ಬರುತ್ತಾರೆ, ತಮ್ಮ ತಮ್ಮವರ ಗೋರಿಗೆ ಹೂವಿಡುತ್ತಾರೆ, ಮರದಡಿ ಹಲಗೆ ಹಾಸಿ ಒಟ್ಟಿಗೆ ಊಟ ಮಾಡುತ್ತಾರೆ. ಹುಲ್ಲು ಕತ್ತರಿಸುವುದೇನು, ಯಾರ ಕೈಲಾದರೂ ಆದೀತು. ಕಷ್ಟವಿದ್ದದ್ದು ನಂಜುಬಳ್ಳಿಯದು, ಪೇಟೆಯವರು ಪಾಯ್ಸನ್ ಐವಿ ಎನ್ನುವುದು. ಕಾಡು ಮುಗಿದು ಬಯಲು ಶುರುವಾಗುವ ಅಂಚೆಂದರೆ ಅದಕ್ಕೆ ಪ್ರಾಣ. ಮನುಷ್ಯ ಮರ ಕಡಿದು ಬೇಲಿ ಹಾಕಿದ ಕಡೆಗೆಲ್ಲ ಹಿಂದೆಯೇ ಬರುತ್ತದೆ. ಹಕ್ಕಿಗಳು ಅದರ ಬಿಳಿ ಹಣ್ಣು ತಿಂದು ಬೇಲಿಗೂಟದ ಮೇಲೆ ಕೂತು ಹಿಕ್ಕೆ ಹಾಕುತ್ತವೆ, ಅಲ್ಲೇ ಮೊಳೆಯುತ್ತದೆ. ಸ್ಮಶಾನದ ಸುತ್ತ ಇದ್ದದ್ದು ಬೇಲಿ, ಬೇಲಿಯಾಚೆ ಕಾಡು. ಬಳ್ಳಿಗೆ ಇನ್ನೇನು ಬೇಕು? ಮೂಲೆಯ ಓಕ್ ಮರಕ್ಕೆ ತೋಳಿನಷ್ಟು ದಪ್ಪದ ಬಳ್ಳಿಗಳು, ಮೈತುಂಬ ಕಂದು ರೋಮ ಬಿಟ್ಟುಕೊಂಡು, ಹತ್ತಿ ಕೂತಿದ್ದವು. ವಸಂತದಲ್ಲಿ ಒಂದೊಂದು ತೊಟ್ಟಿನ ತುದಿಗೆ ಮೂರು ಮೂರು ಕೆಂಪು ಚಿಗುರು ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಆ ಎಣ್ಣೆಯೇ ವಿಷ. ಮೈಗೆ ಸೋಂಕಿದರೆ ಮಾರನೆಯ ದಿನ ತುರಿಕೆ, ಆಮೇಲೆ ಬೊಕ್ಕೆ, ಬೊಕ್ಕೆ ಒಡೆದು ರಸಿಗೆ.

ಒರ್ಲೀನಾ ಅದರ ಜೊತೆ ಆತುರ ಮಾಡಿದವಳಲ್ಲ. ಎಲೆ ಬರುವ ಮುಂಚೆ, ಮಳೆ ಬಿದ್ದು ಮಣ್ಣು ಮೆತ್ತಗಾದ ದಿನ ನೋಡಿ ಹತ್ತುತ್ತಿದ್ದಳು. ಡೆನ್ಜಿಲ್‌ನ ಹಳೆಯ ಅಂಗಿಯ ತೋಳನ್ನು ಮುಂಗೈವರೆಗೆ ಎಳೆದು, ಕೈಗವಸಿನ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಎಳೆಯ ಬಳ್ಳಿಯನ್ನು ಬೇರುಸಮೇತ ಕಿತ್ತು ಚೀಲಕ್ಕೆ ತುರುಕುತ್ತಿದ್ದಳು. ಮರಕ್ಕೆ ಹತ್ತಿದ್ದನ್ನು ಎಳೆಯುತ್ತಿರಲಿಲ್ಲ. ಬುಡದಲ್ಲಿ ಗರಗಸ ಹಾಕಿ ಕತ್ತರಿಸಿ, ಮೇಲಿನದು ನಿಂತಲ್ಲೇ ಒಣಗಲಿ ಎಂದು ಬಿಡುತ್ತಿದ್ದಳು. ಒಣಗಿದ್ದನ್ನೂ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಸತ್ತ ಬಳ್ಳಿಯಲ್ಲೂ ಆ ಎಣ್ಣೆ ವರ್ಷಗಟ್ಟಲೆ ಉಳಿಯುತ್ತದೆ. ಇಳಿದು ಬಂದವಳು ಮನೆಯೊಳಗೆ ಕಾಲಿಡುವ ಮುಂಚೆ ಹಿತ್ತಿಲ ನಲ್ಲಿಯ ಕೆಳಗೆ ತಣ್ಣೀರಿನಲ್ಲಿ, ಪಾತ್ರೆ ತೊಳೆಯುವ ಸೋಪು ಹಾಕಿ, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಗರಗಸ, ಗುದ್ದಲಿಯ ಹಿಡಿ, ಬೂಟಿನ ದಾರ ಎಲ್ಲವನ್ನೂ. ಬೆಂಕಿ ಮಾತ್ರ ಹಚ್ಚುತ್ತಿರಲಿಲ್ಲ. ಬೇಲಿಗೆ ಬೆಂಕಿ ಹಚ್ಚಲು ಹೋಗಿ, ಆ ಹೊಗೆ ಕುಡಿದು ಗಂಟಲು ಕಟ್ಟಿ ಸತ್ತ ಒಬ್ಬ ಚಿಕ್ಕಪ್ಪ ಡೆನ್ಜಿಲ್‌ನ ಕಡೆ ಇದ್ದ. ಅವನ ಗೋರಿಯೂ ಅಲ್ಲೇ ಮೇಲಿತ್ತು.

ಆ ವರ್ಷ ಮಾರ್ಚ್‌ನಲ್ಲಿ ಹಳ್ಳದ ದಂಡೆಯಲ್ಲಿ ಜಾರಿ ಅವಳ ಕಾಲಿನ ಗಿಣ್ಣು ಮುರಿಯಿತು. ಪ್ಲಾಸ್ಟರ್ ಹಾಕಿ ಕೂರಿಸಿದರು. ಸ್ಮಶಾನದ ಕೆಲಸ ಯಾರು ಮಾಡುತ್ತೀರಿ ಎಂದು ಪಾದ್ರಿ ಸಭೆಯಲ್ಲಿ ಕೇಳಿದಾಗ, ಒರ್ಲೀನಾಳ ತಂಗಿ ಐಡೆಲ್ಲಾಳ ಗಂಡ ವರ್ಲಿನ್ ಸೈಜ್‌ಮೋರ್ ಎದ್ದು ನಿಂತ. ಆಗಸ್ಟ್‌ನಲ್ಲಿ ಚರ್ಚಿಗೆ ಹೊಸ ಡೀಕನ್‌ನನ್ನು, ಅಂದರೆ ಸಭೆಯ ಹಿರಿಯನನ್ನು, ಆರಿಸುವುದಿತ್ತು. ವರ್ಲಿನ್‌ನ ಕಣ್ಣು ಆ ಕುರ್ಚಿಯ ಮೇಲಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಸಭೆ ಮುಗಿಸಿ ಹೋಗುವ ದಾರಿಯಲ್ಲಿ ಅವನು ಒರ್ಲೀನಾಳ ಜಗಲಿಯ ಹತ್ತಿರ ಟ್ರಕ್ಕು ನಿಲ್ಲಿಸಿದ. ಪಕ್ಕದಲ್ಲಿ ಐಡೆಲ್ಲಾ ಕೂತಿದ್ದಳು.

"ಏನ್ ಅತ್ತಿಗೆ, ಕಾಲು ಹೆಂಗಿದೆ? ನಿನ್ ರಾಜ್ಯ ಈಗ ನನ್ ಕೈಗೆ ಬಂತು ನೋಡು. ನೀನು ತಿಂಗಳಾನುಗಟ್ಲೆ ಕೂತ್ಕೊಂಡು ಪೇನು ಹೆಕ್ಕಿದಂಗೆ ಹೆಕ್ತಿದ್ಯಲ್ಲ, ನಾನು ಹುಲ್ಲು ಹೊಡೆಯೋ ಮಿಷನ್ ತಂದು ಒಂದೇ ದಿನಕ್ಕೆ ಬೋಳಿಸಿ ಹಾಕ್ತೀನಿ."

"ಬಳ್ಳಿಗೆ ಮಿಷನ್ ಹಾಕ್ಬೇಡ ವರ್ಲಿನ್. ಚೂರು ಚೂರಾಗಿ ಸಿಡಿದು ಮುಖಕ್ಕೆಲ್ಲ ಹತ್ತುತ್ತೆ."

"ನಂಗೆ ಅದು ಏನೂ ಮಾಡಲ್ಲ. ಹುಟ್ಟಿದಾಗಿಂದ ಒಂದ್ ಬೊಕ್ಕೆ ಎದ್ದಿಲ್ಲ ಈ ಮೈಮೇಲೆ. ಬೇಕಾದ್ರೆ ಸೊಪ್ಪು ಬೇಯಿಸಿ ತಟ್ಟೆಗೆ ಹಾಕು, ತಿಂದು ತೋರಿಸ್ತೀನಿ."

"ನಿಂಗೆ ಆಗಲ್ಲ ಸರಿ. ನಿನ್ ಪಕ್ಕ ನಿಂತವ್ರಿಗೆ? ಕತ್ತರಿಸಿದ್ದನ್ನ ಆಚೆ ಕಮರಿಗೆ ತಳ್ಳಿಬಿಡು, ಅಲ್ಲೇ ಕೊಳೀಲಿ. ಸುಡಬೇಡ. ಬೇರೆ ಏನ್ ಮಾಡಿದ್ರೂ ಪರವಾಗಿಲ್ಲ, ಸುಡಬೇಡ."

ವರ್ಲಿನ್ ನಕ್ಕು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ನಿಮ್ಮಕ್ಕ ಕೂತ ಕುರ್ಚೀಲೇ ಅಪ್ಪಣೆ ಕೊಡ್ತಾಳೆ."

ಐಡೆಲ್ಲಾ ನಗಲಿಲ್ಲ. "ಸುಡಲ್ಲ ಬಿಡಕ್ಕ, ನಾನ್ ನೋಡ್ಕೋತೀನಿ" ಅಂದಳು.

ಹೂವಿನ ಭಾನುವಾರಕ್ಕೆ ಮುಂಚಿನ ಶುಕ್ರವಾರ ಗುಡ್ಡದ ಮೇಲೆ ಬೆಳಗಿನಿಂದ ಮಿಷನ್ನಿನ ಸದ್ದು ಕೇಳುತ್ತಿತ್ತು. ಪ್ಲಾಸ್ಟರ್ ಬಿಚ್ಚಿ ಕೆಲವೇ ದಿನವಾಗಿತ್ತು. ಒರ್ಲೀನಾ ಊರುಗೋಲನ್ನು ಪಕ್ಕಕ್ಕಿಟ್ಟು, ಭಾನುವಾರದ ಅಡುಗೆಗೆಂದು ಜಗಲಿಯಲ್ಲಿ ಬೀನ್ಸು ಬಿಡಿಸುತ್ತ ಕೂತಿದ್ದಳು. ಮಧ್ಯಾಹ್ನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಓಕ್ ಮರದ ಹಿಂದಿನಿಂದ ಹೊಗೆ ಎದ್ದಿತು. ಒಣಹುಲ್ಲಿನ ತೆಳು ಹೊಗೆಯಲ್ಲ. ಹಸಿ ಎಲೆಯ, ದಪ್ಪನೆಯ, ಹಳದಿ ಛಾಯೆಯ ಹೊಗೆ. ಮೇಲೇರದೆ ಗೋರಿಗಳ ಮೇಲೆ ಹರಡಿಕೊಂಡಿತು.

ಬೀನ್ಸಿನ ಪಾತ್ರೆ ಮಡಿಲಿಂದ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಊರುಗೋಲು ಹಿಡಿದು ಹತ್ತತೊಡಗಿದಳು. ಆ ದಾರಿ ಗಟ್ಟಿ ಕಾಲಿನವರಿಗೂ ಎದುಸಿರು ತರಿಸುವಂಥದ್ದು. ಮೇಲೆ ಮುಟ್ಟಿದಾಗ ಅವಳ ಎದೆ ತಿದಿಯಂತೆ ಏರಿಳಿಯುತ್ತಿತ್ತು.

ವರ್ಲಿನ್ ಇರಲಿಲ್ಲ. ಹಸಿ ಬಳ್ಳಿ ಸರಿಯಾಗಿ ಹತ್ತಿಕೊಳ್ಳುತ್ತಿಲ್ಲವೆಂದು ಪೆಟ್ರೋಲು ತರಲು ಕೆಳಗೆ ಟ್ರಕ್ಕಿಗೆ ಹೋಗಿದ್ದ. ಬೆಂಕಿಯನ್ನು ನೋಡಿಕೋ ಎಂದು ಐಡೆಲ್ಲಾಳ ಕೈಗೆ ಕಸ ಎಳೆಯುವ ಕೈಕುಂಟೆ ಕೊಟ್ಟು ಹೋಗಿದ್ದ. ಗಾಳಿ ತಿರುಗಿತ್ತು. ಐಡೆಲ್ಲಾ ಹೊಗೆಯ ನಡುವೆ ಮಂಡಿಯೂರಿ, ಏಪ್ರನ್ನು ಬಾಯಿಗೊತ್ತಿ ಕೆಮ್ಮುತ್ತಿದ್ದಳು. ದಾರಿ ಎತ್ತ ಎಂದು ಅವಳಿಗೆ ಕಾಣುತ್ತಿರಲಿಲ್ಲ.

ಒರ್ಲೀನಾ ಊರುಗೋಲು ಎಸೆದು ಒಳಗೆ ನುಗ್ಗಿದಳು. ತಂಗಿಯ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋಗಿ ಗಾಳಿ ಬರುವ ಕಡೆ, ಡೆನ್ಜಿಲ್‌ನ ಗೋರಿಕಲ್ಲಿಗೆ ಒರಗಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಾಳಿ ಬೀಸುತ್ತಿದ್ದದ್ದು ಕೆಳಗಿನ ಮನೆಗಳ ಕಡೆ, ಹಾಸಿಗೆ ಹಿಡಿದು ಮಲಗಿದ್ದ ಮುದುಕಿ ಮೆಲ್ವೀನಾಳ ಕಿಟಕಿಯ ಕಡೆ. ಕುಂಟೆ ತೆಗೆದುಕೊಂಡು ರಾಶಿಯ ಮೇಲೆ ಮಣ್ಣು ಎಳೆದಳು, ಎಳೆಯುತ್ತ ವರ್ಲಿನ್‌ನನ್ನು ಕೂಗಿದಳು. ಹಳ್ಳದಾಚೆಗೆ ಮುಟ್ಟುವ ಆ ದನಿಯಲ್ಲಿ, ಬಾಯಿ ಪೂರ್ತಿ ತೆರೆದು, ಮತ್ತೆ ಮತ್ತೆ ಕೂಗಿದಳು. ಪ್ರತಿ ಕೂಗಿಗೂ ಒಂದು ಉಸಿರು ಬೇಕಲ್ಲ. ಆ ಉಸಿರೆಲ್ಲ ಹೊಗೆಯೇ.

ವರ್ಲಿನ್ ಪೆಟ್ರೋಲಿನ ಡಬ್ಬಿ ಹಿಡಿದು ಬಂದಾಗ ಬೆಂಕಿ ಅರ್ಧ ಆರಿತ್ತು. "ಏನ್ ಅತ್ತಿಗೆ ಇದು, ಪ್ರಳಯ ಆದಂಗೆ ಕೂಗ್ತೀಯ!" ಎಂದ. ಒರ್ಲೀನಾ ಕೆಮ್ಮುತ್ತಲೇ ಉಳಿದ ಬೆಂಕಿಯ ಮೇಲೆ ಮಣ್ಣೆಳೆದಳು.

ಸಂಜೆಗೆ ಗಂಟಲು ಕೆರೆಯಿತು. ಮಾರನೆಯ ದಿನ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಪಕ್ಕದ ಮನೆಯವರು ಪಟ್ಟಣದ ಆಸ್ಪತ್ರೆಗೆ ಒಯ್ದರು. ಮೈಮೇಲೆ ಏಳುವ ಬೊಕ್ಕೆ ಗಂಟಲೊಳಗೆ, ಶ್ವಾಸಕೋಶದೊಳಗೆ ಎದ್ದಿದೆ ಎಂದು ಡಾಕ್ಟರು ಹೇಳಿ, ಗಂಟಲಿಗೆ ನಳಿಕೆ ಇಳಿಸಿದರು. ಹೂವಿನ ಭಾನುವಾರ ಅವಳಿಲ್ಲದೆ ಕಳೆಯಿತು. ಐಡೆಲ್ಲಾಳಿಗೆ ಕೈಗೂ ಕತ್ತಿಗೂ ಬೊಕ್ಕೆ ಬಂದು ಮಾಗಿತು. ವರ್ಲಿನ್‌ಗೆ ಏನೂ ಆಗಲಿಲ್ಲ.

ಐಡೆಲ್ಲಾ ಆಸ್ಪತ್ರೆಗೆ ಬಂದಳು. ನಳಿಕೆ ಇದ್ದುದರಿಂದ ಒರ್ಲೀನಾ ಮಾತಾಡುವಂತಿರಲಿಲ್ಲ. ತಂಗಿ ಅವಳ ಕೈ ಹಿಡಿದುಕೊಂಡು ಅತ್ತಳು.

"ನಾನು ಬೇಡ ಅಂದೆ ಅಕ್ಕ. ಅಕ್ಕ ಹೇಳಿದಾಳೆ ಸುಡಬೇಡಿ ಅಂತ ಅಂದೆ. 'ನಿಮ್ಮಕ್ಕನ ಮಾತು ಕೇಳೋಕೆ ನಾನೇನು ಅವಳ ಗಂಡನಾ' ಅಂದ್ರು. ಎಲ್ರಿಗೂ ಹೇಳ್ತೀನಿ ಅಕ್ಕ, ಸಭೇಲಿ ನಿಂತು ನಾನೇ ಹೇಳ್ತೀನಿ. ನೀನು ವಾಸಿ ಆಗು ಸಾಕು."

ಒರ್ಲೀನಾ ಅವಳ ಕೈಯನ್ನು ಒತ್ತಿದಳು. ತಾಯಿ ಸತ್ತ ಮೇಲೆ ತಂಗಿಯ ತಲೆ ಬಾಚಿ ಬೆಳೆಸಿದವಳು ಅವಳೇ. ಆ ಮಾತನ್ನು ನಂಬಿದಳು.

ಮನೆಗೆ ಬರುವಾಗ ಬೇಸಿಗೆ ಏರಿತ್ತು. ಜೀವ ಉಳಿಯಿತು. ದನಿ ಹೋಗಿತ್ತು. ಬಾಯಿ ತೆರೆದರೆ ಮರಳಿನ ಮೇಲೆ ಸಲಿಕೆ ಎಳೆದಂಥ ಸದ್ದು, ಅದೂ ಹತ್ತಿರ ಬಂದು ಬಗ್ಗಿದವರಿಗೆ ಮಾತ್ರ. ಕಾದು ನೋಡೋಣ ಎಂದಿದ್ದರು ಡಾಕ್ಟರು. ಅವರ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

ಚರ್ಚಿನ ಹೆಂಗಸರು ಕೋಳಿ ಸಾರು, ಜೋಳದ ಬ್ರೆಡ್ಡು ತಂದುಕೊಟ್ಟು ಹೋಗುತ್ತಿದ್ದರು. ಅವರ ಮಾತಿನಿಂದ ವರ್ಲಿನ್ ಏನು ಹೇಳಿಕೊಂಡು ತಿರುಗುತ್ತಿದ್ದಾನೆಂಬುದು ತಿಳಿಯಿತು.

"ಆ ಮುರಿದ ಕಾಲಲ್ಲಿ ಗುಡ್ಡ ಯಾಕೆ ಹತ್ತೋಕೋದೆ ತಾಯಿ? ನಿನ್ ಕೆಲಸ ಇನ್ನೊಬ್ರು ಮಾಡ್ತಿದಾರೆ ಅಂತ ತಡ್ಕೊಳೋಕಾಗ್ಲಿಲ್ವಂತೆ, ವರ್ಲಿನ್ ಹೇಳ್ದ. ಪಾಪ, ಅವನೂ ನೊಂದ್ಕೊಂಡಿದಾನೆ."

"ಮೊದ್ಲಿಂದ್ಲೂ ನಿನ್ ಎದೆ ಸೂಕ್ಷ್ಮ ಅಂತಲ್ಲ. ಒಂದಿಷ್ಟು ಕಸ ಸುಟ್ರೆ ಬೇರೆ ಯಾರಿಗೂ ಹಿಂಗಾಗಿಲ್ಲಪ್ಪ."

"ಅದು ನಂಜುಬಳ್ಳಿ ಅಂತ ನೀನು ಹೇಳ್ಬಾರ್ದಿತ್ತಾ ಅವನಿಗೆ?" ಎಂದು ಕೇಳಿದಳು ಒಬ್ಬಳು, ನಿಜವಾದ ಮರುಕದಿಂದ. ಒರ್ಲೀನಾ ಹೇಳಲು ಹೊರಟರೆ ಆಕೆ, "ಬೇಡ ಬೇಡ, ಗಂಟಲಿಗೆ ತ್ರಾಸ ಕೊಡ್ಬೇಡ" ಎಂದು ಅವಳ ಬಾಯಿಗೆ ಚಮಚ ಹಿಡಿದಳು.

ಐಡೆಲ್ಲಾ ಮಾತ್ರ ಬರಲಿಲ್ಲ. ಕೊನೆಗೆ ಒರ್ಲೀನಾಳೇ ಹೋದಳು. ತಂಗಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಹೇಳಿದ್ಯಾ?" ಎಂದು ಕೇಳಿದಳು ಒರ್ಲೀನಾ.

ಐಡೆಲ್ಲಾ ಹಗ್ಗದ ಮೇಲಿನ ಅಂಗಿಯನ್ನು ಸರಿ ಮಾಡುತ್ತ ನಿಂತಳು. ಗಂಡನ ಭಾನುವಾರದ ಅಂಗಿ.

"ಆಗಸ್ಟ್ ಕಳೀಲಿ ಅಕ್ಕ."

"ಆಗಸ್ಟ್ ಕಳೆದ್ಮೇಲೆ ಏನಕ್ಕೆ?"

"ನೀನು ನಿನ್ ಮನೇಲಿ ಒಬ್ಬಳೇ ಇರ್ತೀಯ. ನಾನು ಈ ಮನೇಲಿ ಇವ್ರ ಜೊತೆ ಇರ್ಬೇಕು. ನಾನು ಸಭೇಲಿ ಬಾಯಿ ಬಿಟ್ಟು ಇವ್ರಿಗೆ ಆ ಜಾಗ ತಪ್ಪಿತು ಅನ್ಕೋ. ಆಮೇಲೆ ದಿನಾ ಬೆಳಗಾದ್ರೆ ನನ್ ಪಾಡೇನು ಅಂತ ಯೋಚಿಸಿದೀಯಾ?" ಎಂದವಳು, ಅಕ್ಕನ ಮುಖ ನೋಡಲಾರದೆ ಮತ್ತೆ ಹಗ್ಗಕ್ಕೆ ತಿರುಗಿದಳು. "ನಿನ್ ದನಿ ಅಂತೂ ಹೇಳಿದ್ರೂ ಬರಲ್ಲ, ಹೇಳದಿದ್ರೂ ಬರಲ್ಲ."

ಒರ್ಲೀನಾ ಮನೆಗೆ ಹಿಂತಿರುಗಿದಳು. ಆ ಕೊನೆಯ ಮಾತು ಹೊಗೆಗಿಂತ ಆಳಕ್ಕೆ ಇಳಿಯಿತು. ಸುಳ್ಳಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ನಿಜವಾಗಿತ್ತು.

ಜುಲೈಯಲ್ಲಿ ಮುದುಕಿ ಮೆಲ್ವೀನಾ ತೀರಿಕೊಂಡಳು. ನನ್ನ ಮಣ್ಣಿಗೆ ಒರ್ಲೀನಾಳೇ ಹಾಡಬೇಕು ಎಂದು ಬದುಕಿರುವಾಗ ಕಂಡಕಂಡವರಿಗೆಲ್ಲ ಹೇಳಿಟ್ಟಿದ್ದಳು. ಒರ್ಲೀನಾ ಗೋರಿಯ ಪಕ್ಕ ನಿಂತಳು. ಪಾದ್ರಿ ಐಡೆಲ್ಲಾಳ ಕಡೆ ತಲೆಯಾಡಿಸಿದ. ಚಿಕ್ಕಂದಿನಿಂದ ಅಕ್ಕನ ಹಿಂದಿನ ಸಾಲಿನಲ್ಲಿ ನಿಂತು ಅವಳ ದನಿಗೆ ದನಿ ಸೇರಿಸುತ್ತಿದ್ದವಳು ಈಗ ಹಾಡು ಎತ್ತಿದಳು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಳು. ಎಲ್ಲ ಒರ್ಲೀನಾ ಕಲಿಸಿದ್ದೇ. ಚೆನ್ನಾಗಿಯೇ ಹಾಡಿದಳು. ಜನ ಅತ್ತರು. ಒರ್ಲೀನಾ ಬಾಯಿ ಮುಚ್ಚಿಕೊಂಡು, ಆ ಹಾಡು ತನ್ನ ಗಂಟಲವರೆಗೆ ಬಂದು ನಿಲ್ಲುವುದನ್ನು ಸಹಿಸಿಕೊಂಡು ನಿಂತಿದ್ದಳು.

ಆಗಸ್ಟ್‌ನ ಸಭೆಯ ದಿನ ಚರ್ಚು ಕಿಕ್ಕಿರಿದಿತ್ತು. ಎಲ್ಲರೂ ರಟ್ಟಿನ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಪಾದ್ರಿ ಎಸ್ಟಿಲ್ ವರ್ಲಿನ್‌ನನ್ನು ಮುಂದೆ ಕರೆದು ನಿಲ್ಲಿಸಿ, ಪದ್ಧತಿಯಂತೆ ಕೇಳಿದ. "ಈ ಸಹೋದರನ ಮೇಲೆ ಯಾರದಾದ್ರೂ ಆಕ್ಷೇಪ ಇದ್ರೆ ಈಗ ಎದ್ದು ಹೇಳಿ. ಇಲ್ಲಾಂದ್ರೆ ಮುಂದೆ ಯಾವತ್ತೂ ಆಡಬೇಡಿ."

ಒರ್ಲೀನಾ ಎದ್ದಳು. ಬೀಸಣಿಗೆಗಳು ನಿಂತವು.

ಅವಳು ಹೇಳಿದಳು. ಸುಡಬೇಡ ಎಂದು ತಾನು ಜಗಲಿಯಲ್ಲಿ ಹೇಳಿದ್ದು, ಬೇಡವೆಂದ ಹೆಂಡತಿಯನ್ನೇ ಹೊಗೆಯಲ್ಲಿ ಬಿಟ್ಟು ಅವನು ಕೆಳಗಿಳಿದದ್ದು, ಆಮೇಲೆ ಊರೆಲ್ಲ ತಿರುಗಿ ಸುಳ್ಳು ಹೇಳಿದ್ದು. "ನನ್ ದನಿ ಹೋಗಿದ್ದಕ್ಕಲ್ಲ ನಾನು ಎದ್ದಿರೋದು. ಅವನು ಸುಳ್ಳು ಹೇಳಿದ. ಸುಳ್ಳು ಹೇಳೋನು ಡೀಕನ್ ಆಗ್ಬಾರ್ದು." ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಹೇಳಿದಳು. ಮುಂದಿನ ಎರಡು ಬೆಂಚು ದಾಟಿ ಅದು ಹೋಗಲಿಲ್ಲ.

"ಏನಂದ್ಳು?" ಹಿಂದಿನಿಂದ ಯಾರೋ ಕೇಳಿದರು. "ಕೇಳಿಸ್ತಿಲ್ಲ, ಜೋರಾಗಿ!"

ಪಾದ್ರಿ ಅವಳ ಪಕ್ಕಕ್ಕೆ ಬಂದು, ಹೆಗಲ ಮೇಲೆ ಕೈಯಿಟ್ಟು, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ. ಅವಳು ಮತ್ತೊಮ್ಮೆ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಕಣ್ಣು ಮುಚ್ಚಿದ. ಆಮೇಲೆ ಸಭೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ.

"ಸಹೋದರಿ ಒರ್ಲೀನಾ ತಾನು ಪಟ್ಟ ಕಷ್ಟ ನೆನೆಸ್ಕೊಂಡ್ಳು. ಆದ್ರೂ ಯಾರ ಮೇಲೂ ಮನಸ್ಸಲ್ಲಿ ಕಹಿ ಇಟ್ಕೊಂಡಿಲ್ಲ, ಸಭೆ ಒಂದಾಗಿರ್ಲಿ ಅಂತ ಹೇಳ್ತಾ ಇದಾಳೆ."

"ಆಮೆನ್!" ಎಂದಿತು ಸಭೆ.

ಒರ್ಲೀನಾ ತಲೆ ಅಲ್ಲಾಡಿಸಿದಳು. ಇಲ್ಲ, ಇಲ್ಲ ಎಂದಳು. ಆಮೆನ್‌ಗಳ ನಡುವೆ ಅದು ಯಾರಿಗೂ ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಮಾತ್ರ ಎಲ್ಲರೂ ಕಂಡರು. "ಎಂಥಾ ದೊಡ್ಡ ಮನಸ್ಸು" ಎಂದು ಒಬ್ಬಳು ಅವಳನ್ನು ಅಪ್ಪಿಕೊಂಡು ಕೂರಿಸಿಬಿಟ್ಟಳು. ಮೊದಲ ಬೆಂಚಿನಲ್ಲಿ ಐಡೆಲ್ಲಾ ಕೂತಿದ್ದಳು. ಅವಳಿಗೆ ಒಂದೊಂದು ಮಾತೂ ಕೇಳಿಸಿತ್ತು. ತಿರುಗಿ ನೋಡಲಿಲ್ಲ. ಜನ ಸಾಲಾಗಿ ಹೋಗಿ ವರ್ಲಿನ್‌ನ ಕೈ ಕುಲುಕಿದರು.

ಬಾಗಿಲಲ್ಲಿ ಪಾದ್ರಿ ಅವಳನ್ನು ತಡೆದ. "ತಪ್ಪು ತಿಳ್ಕೋಬೇಡ ತಾಯಿ. ಈ ಸಭೆ ಒಂದ್ಸಲ ಒಡೆದಿದ್ದು ನಿಂಗೂ ನೆನಪಿದೆ. ಅಣ್ಣ ತಮ್ಮ ಮಾತಾಡ್ದೆ ಸತ್ರು. ಮತ್ತೆ ಒಡೀಬಾರ್ದಲ್ಲ."

"ದನಿ ನಂಗಿಲ್ಲ. ದನಿ ಇರೋ ನಿಂಗೆ ಸುಳ್ಳು ಯಾಕೆ?" ಎಂದಳು ಒರ್ಲೀನಾ.

"ಏನಂದೆ?" ಎಂದ ಅವನು. ಈ ಸಲ ನಿಜಕ್ಕೂ ಕೇಳಿಸಿರಲಿಲ್ಲವೋ ಏನೋ. ಅವಳು ಮೆಟ್ಟಿಲಿಳಿದು ಹೋದಳು. ಆಮೇಲೆ ಆ ಚರ್ಚಿಗೆ ಕಾಲಿಡಲಿಲ್ಲ.

ಚಳಿಗಾಲ ಕಳೆಯಿತು. ಮಾರ್ಚ್ ಮಳೆಗೆ ಮಣ್ಣು ಮೆತ್ತಗಾದಾಗ ಒರ್ಲೀನಾ ಯಾರಿಗೂ ಹೇಳದೆ ಗುಡ್ಡ ಹತ್ತಿದಳು. ಬಳ್ಳಿ ಮೊದಲಿಗಿಂತ ಹೆಚ್ಚಾಗಿತ್ತು. ವರ್ಲಿನ್ ಬರೀ ಮೇಲೆ ಬೋಳಿಸಿದ್ದನಲ್ಲ, ಬೇರು ಮಣ್ಣೊಳಗೆ ಹರಿದು ಹತ್ತು ಕಡೆ ತಲೆಯೆತ್ತಿತ್ತು. ಕಿತ್ತು ಮುಗಿಸದಿದ್ದರೆ ಮೇ ತಿಂಗಳಲ್ಲಿ ವರ್ಲಿನ್ ಮತ್ತೆ ಮಿಷನ್ನು ತರುತ್ತಾನೆ, ಮತ್ತೆ ಬೆಂಕಿಯಿಡುತ್ತಾನೆ. ಹೊಗೆ ಯಾರ ಮಗುವಿನ ಮೂಗಿಗೆ ಹೋಗುತ್ತದೋ ಯಾರಿಗೆ ಗೊತ್ತು. ಸುಡಲು ಏನೂ ಉಳಿಯಬಾರದು. ದಿನವೂ ಸ್ವಲ್ಪ ಸ್ವಲ್ಪ, ಎದೆ ತಡೆದಷ್ಟು ಹೊತ್ತು ಅಗೆದಳು. ಹತ್ತು ಬಳ್ಳಿ ಕಿತ್ತರೆ ಗೋರಿಕಲ್ಲಿಗೆ ಒರಗಿ ಕೂರಬೇಕಾಗುತ್ತಿತ್ತು. ಈ ಸಲ ಹೊಸ ಡೀಕನ್ ಸ್ಮಶಾನವನ್ನು ಎಷ್ಟು ಚೊಕ್ಕ ಇಟ್ಟಿದ್ದಾನೆ ಎಂದು ಜನ ಹೊಗಳುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಐಡೆಲ್ಲಾ ಮೇಲೆ ಹತ್ತಿ ಬಂದಳು. ಗಂಡನ ಚರ್ಮದ ಕೈಗವಸು ಹಾಕಿಕೊಂಡಿದ್ದಳು. ಹೇಳದೆ ಕೇಳದೆ ಓಕ್ ಮರದ ಬುಡದಲ್ಲಿ ಬಗ್ಗಿದಳು.

ಒರ್ಲೀನಾ ಬೇಡವೆಂದು ಕೈಯಾಡಿಸಿ, ಹತ್ತಿರ ಬಂದಳು. "ಅದನ್ನ ತೆಗಿ. ಹೋದ ವರ್ಷ ಅವನು ಹಾಕ್ಕೊಂಡಿದ್ದು. ಎಣ್ಣೆ ಇನ್ನೂ ಅದರಲ್ಲೇ ಇರುತ್ತೆ. ಮನೆಗೋಗಿ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳಿ, ಮುಖ ಮುಟ್ಕೋಬೇಡ. ಕೈಗವಸು ಚೀಲದಲ್ಲಿ ಕಟ್ಟಿ ಬಿಸಾಕು."

ಐಡೆಲ್ಲಾ ಕೈಗವಸು ಕಳಚಿದಳು. ಬರಿಗೈಗಳನ್ನು ಎದುರಿಗೆ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

"ನಂಗೊಂದು ಜೊತೆ ಕೊಡು ಅಕ್ಕ. ನಾನೂ ಕೀಳ್ತೀನಿ."

ಒರ್ಲೀನಾಳ ಬುಟ್ಟಿಯಲ್ಲಿ ಇನ್ನೊಂದು ಜೊತೆ ಇತ್ತು. ಅವಳು ಅದರ ಕಡೆ ನೋಡಿದಳು. ಕೊಡಲಿಲ್ಲ.

"ಇನ್ನು ಯಾವತ್ತೂ ನನ್ನ ಕ್ಷಮಿಸಲ್ವಾ ಅಕ್ಕ?"

"ನಂಗೇ ಗೊತ್ತಿಲ್ಲ ಕಣೇ" ಎಂದಳು ಒರ್ಲೀನಾ. ಗಾಳಿ ಬೀಸುತ್ತಿತ್ತು, ಓಕ್ ಮರದ ಒಣ ಎಲೆಗಳು ಸದ್ದು ಮಾಡುತ್ತಿದ್ದವು.

"ಏನಂದೆ? ಕೇಳಿಸ್ಲಿಲ್ಲ" ಎಂದು ಐಡೆಲ್ಲಾ ಮುಂದೆ ಬಾಗಿದಳು.

ಒರ್ಲೀನಾ ಅದನ್ನು ಎರಡನೆಯ ಸಲ ಹೇಳಲಿಲ್ಲ. ಮಂಡಿಯೂರಿ, ಗುದ್ದಲಿಯನ್ನು ಬೇರಿನ ಕೆಳಗೆ ತೂರಿಸಿದಳು.